ಬಣ್ಣ ನೋಡಿ ಬಾಟಲಿ ಬಗ್ಗಿಸಬೇಡ

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾದ ಬಣ್ಣ ಏರಿತೆಂದು ಹೆದರಿ ಮೀನಿನ ಟ್ಯಾಂಕಿಗೆ ಇನ್ನೊಂದು ಮುಚ್ಚಳ ವಾಟರ್ ಕಂಡೀಷನರ್ ಸುರಿದೆಯಂತೆ, ನಿನ್ನ ಅಮ್ಮ ಹೇಳಿದಳು. ಮಾರನೇ ದಿನವೂ ಬಣ್ಣ ಹಾಗೇ ಇತ್ತು, ಮತ್ತೆ ಸುರಿದೆ. ಮಗಾ, ಆ ಬಾಟಲಿ ಬದಿಗಿಟ್ಟು ಸ್ವಲ್ಪ ಕೇಳು.

ನಮ್ಮ ನಳ್ಳಿಯಲ್ಲಿ ಬರುವುದು ತುಂಬೆಯಲ್ಲಿ ಕಟ್ಟಿ ನಿಲ್ಲಿಸಿದ ನೇತ್ರಾವತಿ ನೀರು. ಶುದ್ಧೀಕರಿಸಿ, ಕ್ಲೋರಿನ್ ಸೇರಿಸಿ ಕಳಿಸುತ್ತಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಭಾರತೀಯ ಮಾನಕವೇ ಹೇಳುತ್ತದೆ. ನಮ್ಮನ್ನು ಕಾಯುವ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಆದ್ದರಿಂದ ಕಂಡೀಷನರ್ ಬೇಕು, ಅದರಲ್ಲಿ ತಕರಾರಿಲ್ಲ. ಅಂಗಡಿಯವರು ಕೊಡುವ ಅಗ್ಗದ ‘ಆಂಟಿ ಕ್ಲೋರಿನ್’ ಹೆಚ್ಚಾಗಿ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದು ಕ್ಲೋರಿನ್ ತೆಗೆಯುತ್ತದೆ, ಅಷ್ಟೇ. ಕ್ಲೋರಿನ್ ಅಮೋನಿಯಾದೊಂದಿಗೆ ಸೇರಿ ಕ್ಲೋರಮೈನ್ ಆಗಿದ್ದರೆ, ಹೈಪೋ ಅದನ್ನು ಒಡೆದು ಅಮೋನಿಯಾವನ್ನು ಟ್ಯಾಂಕಿನಲ್ಲೇ ಬಿಡುತ್ತದೆ. ದುಬಾರಿ ಬಾಟಲಿಗಳು ಆ ಅಮೋನಿಯಾವನ್ನೂ ಒಂದೆರಡು ದಿನ ಕಟ್ಟಿಹಾಕುತ್ತೇವೆ ಎನ್ನುತ್ತವೆ. ಅವುಗಳ ಮಾತು ನಿಜವೇ ಇರಲಿ, ಸರಪಳಿ ಹಾಕಿದ ನಾಯಿ ಅಂಗಳ ಬಿಟ್ಟು ಹೋಗುವುದಿಲ್ಲ ಮಾರಾಯ.

ಕಿಟ್‌ಗೆ ಕಾಣುವುದು ಆ ಕಟ್ಟಿಹಾಕಿದ ಅಮೋನಿಯಾವೇ. ಹಳದಿಯಿಂದ ಹಸಿರಿಗೆ ತಿರುಗುವ ಸ್ಯಾಲಿಸಿಲೇಟ್ ಕಿಟ್‌ನ ದ್ರಾವಣ ಬಲವಾದ ಕ್ಷಾರ. ಅದು ಕಟ್ಟಿಹಾಕಿದ್ದನ್ನೂ ಬಿಚ್ಚಿ ಒಟ್ಟು ಲೆಕ್ಕ ತೋರಿಸುತ್ತದೆ. ಹಳದಿಯಿಂದ ಕಂದು ಬಣ್ಣಕ್ಕೆ ಹೋಗುವ ನೆಸ್ಲರ್ ಕಿಟ್ ಇನ್ನೂ ಮೋಸ, ಅಮೋನಿಯಾ ಇಲ್ಲದಿದ್ದರೂ ಕೆಲವು ಕಂಡೀಷನರ್‌ಗಳೊಂದಿಗೆ ಸೇರಿ ತಾನೇ ಬಣ್ಣ ಕೊಡುತ್ತದೆ. ನಿನಗೆ ಕಂಡ ಬಣ್ಣ ಯಾವುದರದೆಂದು ತಿಳಿಯಲು ಸುಲಭದ ದಾರಿ ಉಂಟು. ಅಂಗಡಿಯ ಕುಡಿಯುವ ನೀರಿನ ಬಾಟಲಿ ತಂದು ಒಂದು ಲೋಟಕ್ಕೆ ಸುರಿದು ಪರೀಕ್ಷಿಸು. ಇನ್ನೊಂದು ಲೋಟಕ್ಕೆ ಹೇಳಿದ ಪ್ರಮಾಣದಲ್ಲೇ ಕಂಡೀಷನರ್ ಬೆರೆಸಿ ಪರೀಕ್ಷಿಸು. ಎರಡನೆಯದರಲ್ಲಿ ಮಾತ್ರ ಬಣ್ಣ ಬಂದರೆ ಅದು ಬಾಟಲಿಯದು, ಮೀನಿನದಲ್ಲ. ನಳ್ಳಿ ನೀರನ್ನೂ ಹಾಗೇ ನೋಡಿಡು. ಇನ್ನು ಮುಂದೆ ಟ್ಯಾಂಕಿನ ನೀರನ್ನು ಕಂಡೀಷನರ್ ಹಾಕುವ ಮೊದಲೇ ಪರೀಕ್ಷಿಸು, ಹಾಕಿದ ಮೇಲೆ ಅಲ್ಲ.

ಅದಕ್ಕಿಂತ ದೊಡ್ಡ ಮಾತು ಪಿಎಚ್‌ನದು, ನಮ್ಮ ಊರಲ್ಲಂತೂ. ಕಿಟ್ ತೋರಿಸುವ ಒಟ್ಟು ಅಂಕೆಯಲ್ಲಿ ಎರಡು ರೂಪ ಇವೆ: ಹೆಚ್ಚು ತೊಂದರೆ ಕೊಡದ ಅಮೋನಿಯಂ, ಕಿವಿರು ಕೆಡಿಸುವ ಮುಕ್ತ ಅಮೋನಿಯಾ. ನೀರು 28 ಡಿಗ್ರಿ ಇದ್ದು ಪಿಎಚ್ 7 ಆದರೆ ಮುಕ್ತ ಪಾಲು ನೂರಕ್ಕೆ ಒಂದೂ ಇರದು. ಪಿಎಚ್ 8 ಆಯಿತೋ, ಆರೇಳಕ್ಕೆ ಏರುತ್ತದೆ. ನಮ್ಮ ಮುರಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಹುಳಿ. ಅದರಲ್ಲಿ ಅಮೋನಿಯಾ ತಿನ್ನುವ ಸೂಕ್ಷ್ಮಜೀವಿಗಳು ನಿಧಾನವಾಗುತ್ತವೆ, ಅಮೋನಿಯಂ ಸದ್ದಿಲ್ಲದೆ ಜಮೆಯಾಗುತ್ತದೆ, ಮೀನು ಆರಾಮವಾಗಿ ಓಡಾಡುತ್ತಿರುತ್ತದೆ. ಆಗ ಯಾರೋ ಚೆಂದಕ್ಕೆಂದು ಊಟ ಮುಗಿದ ಮರುವಾಯಿ ಚಿಪ್ಪು ತೊಳೆದು ಟ್ಯಾಂಕಿಗೆ ಹಾಕುತ್ತಾರೆ. ಸುಣ್ಣ ಕರಗಿ ಪಿಎಚ್ ಏರುತ್ತದೆ, ನಿನ್ನೆಯವರೆಗೆ ತಡೆದುಕೊಂಡಿದ್ದ ಅದೇ ಅಂಕೆಗೆ ಮೀನು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತದೆ. ಪಿಎಚ್ ಹೆಚ್ಚಿರುವ ನೀರಿನಿಂದ ಒಂದೇ ಸಲ ಮುಕ್ಕಾಲು ಟ್ಯಾಂಕು ಬದಲಿಸಿದರೂ ಇದೇ ಗತಿಯಾಗಬಹುದು. ಆದ್ದರಿಂದ ಅಮೋನಿಯಾ ಕಿಟ್‌ನ ಪಕ್ಕದಲ್ಲಿ ಪಿಎಚ್ ಕಿಟ್ ಇಲ್ಲದಿದ್ದರೆ ನೀನು ಅರ್ಧ ಲೆಕ್ಕ ಮಾತ್ರ ಓದುತ್ತಿದ್ದೀ. ಬಾವಿ ನೀರಿಗೆ ಕಂಡೀಷನರ್ ಬೇಕಾಗುವುದು ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಮಾತ್ರ, ಇದನ್ನೂ ಹೇಳಿಬಿಡುತ್ತೇನೆ.

ಬಣ್ಣ ನಿಜವೇ ಆದರೆ ಔಷಧಿ ಬಾಟಲಿಯಲ್ಲಿಲ್ಲ. ಊಟ ಎರಡು ದಿನ ನಿಲ್ಲಿಸು, ಮೀನು ಸಾಯುವುದಿಲ್ಲ. ಪಿಎಚ್ ಹೆಚ್ಚು ಕಡಿಮೆ ಹೊಂದುವ ನೀರಿನಿಂದ ಕಾಲು ಭಾಗ ಬದಲಿಸು. ಹೊಸ ಟ್ಯಾಂಕಿನಲ್ಲಿ ಸೂಕ್ಷ್ಮಜೀವಿಗಳು ನೆಲೆಯಾಗಲು ನಾಲ್ಕಾರು ವಾರ ಬೇಕು, ಅಷ್ಟರೊಳಗೆ ಹೊಸ ಮೀನು ತರಬೇಡ. ಫಿಲ್ಟರಿನ ಸ್ಪಂಜನ್ನು ನಳ್ಳಿಗೆ ಹಿಡಿದು ತೊಳೆಯುವ ಅಭ್ಯಾಸ ಉಂಟಲ್ಲ ನಿನಗೆ, ಬಿಡು; ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡು. ಗಾಳಿಮಳೆಗೆ ಗಂಟೆಗಟ್ಟಲೆ ಕರೆಂಟ್ ಹೋದ ಮರುದಿನ ಒಮ್ಮೆ ಪರೀಕ್ಷೆ ಮಾಡು, ಗಾಳಿಯಾಡದೆ ಫಿಲ್ಟರಿನ ಸೂಕ್ಷ್ಮಜೀವಿಗಳು ಸತ್ತಿರಬಹುದು.

ನಿನ್ನದು ನೆಸ್ಲರ್ ಕಿಟ್ ಆಗಿದ್ದರೆ ಅದರಲ್ಲಿ ಪಾದರಸ ಉಂಟು. ಪರೀಕ್ಷೆ ಮುಗಿದ ನೀರನ್ನು ಬಾವಿಕಟ್ಟೆಯಲ್ಲಿ, ತೆಂಗಿನ ಬುಡದಲ್ಲಿ ಚೆಲ್ಲಬೇಡ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಕೂಡಿಡು. ಮುಂದಿನ ಸಲ ಸ್ಯಾಲಿಸಿಲೇಟಿನದನ್ನೇ ಕೇಳಿ ತಾ, ಅವಧಿ ಮುಗಿಯುವ ತಾರೀಕು ನೋಡಿ.