ಒಂದು ಮೈಲಿಗೆ ಒಂದು ಡಾಲರ್

ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಆರ್‌ವಿ ನಿಲ್ಲಿಸಿಕೊಂಡು ಒಂದು ವಾರ ಕಳೆಯಬೇಕೆಂದರೆ ದುಡ್ಡು ಎಲ್ಲಿ ಖರ್ಚಾಗುತ್ತದೆ? ಕಡಲಂಚಿನ ಜಾಗಕ್ಕೇ ಹೆಚ್ಚು ತೆರಬೇಕು ಎಂದು ಹಲವರು ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಅಗ್ಗವಾದದ್ದು ಆ ಜಾಗವೇ. ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಆರ್‌ವಿ ಎಂಬ ಗಾಡಿಗೇ ಮುಕ್ಕಾಲು ಪಾಲು ಹಣ ಹೋಗುತ್ತದೆ.

ಈ ಅಂಕಣಕಾರ್ತಿಯೂ ಇನ್ನೆರಡು ಸ್ನೇಹಿತರ ಕುಟುಂಬಗಳೂ ಫ್ರೀಮಾಂಟ್‌ನಿಂದ ಪಿಸ್ಮೊ ಬೀಚಿಗೆ ಹೊರಟಾಗ ಒಟ್ಟು ಎಂಟು ಜನ. ಮೈಸೂರಿನಿಂದ ಬಂದಿದ್ದ ಅತ್ತೆಯವರಿಗೆ ಮಂಡಿನೋವು. ಟೆಂಟಿನ ನೆಲದಲ್ಲಿ ಮಲಗುವುದಾಗಲಿ, ನಡುರಾತ್ರಿ ಟಾರ್ಚ್ ಹಿಡಿದು ಸಾರ್ವಜನಿಕ ಶೌಚಾಲಯಕ್ಕೆ ನಡೆಯುವುದಾಗಲಿ ಆಗದ ಮಾತು. ಆರ್‌ವಿ ಬೇಕೆನಿಸಿದ್ದೇ ಅದಕ್ಕೆ. ಹೆಚ್ಚು ಹಣ ಕೊಡುವಾಗ ಅದು ಯಾರಿಗಾಗಿ, ಯಾತಕ್ಕಾಗಿ ಎಂಬುದು ಹೀಗೆ ಸ್ಪಷ್ಟವಾಗಿದ್ದರೆ ಮುಂದಿನ ತೀರ್ಮಾನಗಳೆಲ್ಲ ಸುಲಭ.

ಈಗ ಲೆಕ್ಕ. ಚಾಲಕನ ತಲೆಯ ಮೇಲೂ ಹಾಸಿಗೆಯಿರುವ, ಆರು ಜನ ಮಲಗಬಹುದಾದ ‘ಕ್ಲಾಸ್ ಸಿ’ ಗಾಡಿಗೆ ರಾತ್ರಿಗೆ 150 ಡಾಲರ್‌ನಂತೆ 1,050. ವಿಮೆ 175. ಗಾಡಿ ಅಣಿಗೊಳಿಸುವ ಶುಲ್ಕ, ಹೊದಿಕೆ, ಪಾತ್ರೆಗಳ ಕಿಟ್ ಸೇರಿ 150. ಬೇಸಿಗೆಯಲ್ಲಿ ಬಾಡಿಗೆ ಇನ್ನೂ ಏರಬಹುದು. ಕ್ಯಾಂಪಿನ ಜಾಗಕ್ಕೆ ರಾತ್ರಿಗೆ 40ರಂತೆ ಹಿಡಿದರೆ 280. ಅಂದರೆ ಮುಂದೆ ಹೇಳುವ ಓಡಾಟದ ಖರ್ಚೂ ಸೇರಿ, ಊಟ ಬಿಟ್ಟು ಆದ 2,275 ಡಾಲರ್‌ನಲ್ಲಿ ಕಡಲಿನ ಸಾಮೀಪ್ಯಕ್ಕೆ ಕೊಟ್ಟದ್ದು ಎಂಟನೇ ಒಂದು ಭಾಗ ಮಾತ್ರ.

ಉಳಿದದ್ದರಲ್ಲಿ ಗಮನಿಸಬೇಕಾದದ್ದು ಚಕ್ರದ ಖರ್ಚು. ಇಂಥ ಗಾಡಿ ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 9 ಮೈಲಿ ಓಡುತ್ತದೆ. ಗ್ಯಾಲನ್ನಿಗೆ 5 ಡಾಲರ್ ಆದರೆ ಮೈಲಿಗೆ 56 ಸೆಂಟ್. ಅದರ ಮೇಲೆ ಬಾಡಿಗೆಯವರು ಮೈಲಿಗೆ 40 ಸೆಂಟ್ ಹಾಕಿದರೆ ಒಟ್ಟು 96 ಸೆಂಟ್, ಹೆಚ್ಚುಕಡಿಮೆ ಒಂದು ಡಾಲರ್. ಹೋಗಿ ಬರಲು 450 ಮೈಲಿಗೆ 430 ಡಾಲರ್ ಆಯಿತು. ಇದನ್ನು ತಪ್ಪಿಸುವಂತಿಲ್ಲ. ತಪ್ಪಿಸಬಹುದಾದದ್ದು ಅಲ್ಲಿಗೆ ತಲುಪಿದ ಮೇಲಿನ ಓಡಾಟ.

ಪಿಸ್ಮೊದಿಂದ ಹೈವೇ 1ರಲ್ಲಿ ಉತ್ತರಕ್ಕೆ ಹೋದರೆ ಸ್ಯಾನ್ ಸಿಮಿಯಾನ್ ದಾಟಿದ ಕೂಡಲೇ ಪಿಯೆಡ್ರಾಸ್ ಬ್ಲಾಂಕಾಸ್. ಎಲಿಫೆಂಟ್ ಸೀಲ್‌ಗಳು ಗುಂಪುಗುಂಪಾಗಿ ಮರಳಿನ ಮೇಲೆ ಬಿದ್ದುಕೊಂಡಿರುವುದನ್ನು ಅಲ್ಲಿ ಬಿಟ್ಟಿಯಾಗಿ ನೋಡಬಹುದು. ಹೋಗಿ ಬರಲು 110 ಮೈಲಿಯಷ್ಟಾಗುತ್ತದೆ: ಆರ್‌ವಿಯಲ್ಲಾದರೆ ನೂರು ಡಾಲರ್, ಸಾಧಾರಣ ಕಾರಿನಲ್ಲಿ 20ಕ್ಕೂ ಕಡಿಮೆ. ದಾರಿಯಲ್ಲಿ ಸಿಗುವ ಮೊರೊ ಬೇಯ ಜ್ವಾಲಾಮುಖಿ ಬಂಡೆಗೂ ಟಿಕೆಟ್ ಇಲ್ಲ. ಅದಕ್ಕೇ ಮೂರನೆಯ ಮನೆಯವರು ತಮ್ಮ ಕಾರು ತಂದರು, ಗಾಡಿಯ ಪಕ್ಕದಲ್ಲೇ ಟೆಂಟ್ ಹಾಕಿದರು. ಕಾರಿನ ಪೆಟ್ರೋಲು, ಹೆಚ್ಚುವರಿ ವಾಹನದ ಶುಲ್ಕ ಎರಡೂ ಸೇರಿ 190. ವಾರವಿಡೀ ಆರ್‌ವಿ ನಿಂತಲ್ಲೇ ನಿಂತಿತ್ತು. ಹಾಲಿಗೂ ಹೋದದ್ದು ಕಾರೇ.

ಅಡುಗೆ ಗಾಡಿಯಲ್ಲೇ. ಎಂಟು ಜನಕ್ಕೆ ವಾರದ ದಿನಸಿ 485. ಒಲೆ ಪ್ರೊಪೇನ್ ಅನಿಲದ್ದು, ಕರೆಂಟ್ ಬೇಡ. ಮಿಕ್ಸಿಗೆ ಬೇಕು. ಪಿಸ್ಮೊ ಸ್ಟೇಟ್ ಬೀಚಿನ ಓಷಿಯಾನೊ ಕ್ಯಾಂಪಿನಲ್ಲಿ ಕೆಲವು ಜಾಗಗಳಿಗೆ ಕರೆಂಟ್, ನೀರು ಎರಡೂ ಇವೆ. ಈ ಗುಂಪು ಇಳಿದುಕೊಂಡಿದ್ದ ನಾರ್ತ್ ಬೀಚ್ ಕ್ಯಾಂಪಿನಲ್ಲಿ ಆ ಸಂಪರ್ಕವಿಲ್ಲ. ಅಲ್ಲಿ ಜನರೇಟರ್ ಹಾಕೋಣವೆಂದರೆ ಸ್ಟೇಟ್ ಪಾರ್ಕ್ ನಿಯಮದ ಪ್ರಕಾರ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಹಾಗಾಗಿ ಬೆಳಗಿನ ದೋಸೆಗೆ ಕಾಯಿಚಟ್ನಿ ಇರಲಿಲ್ಲ. ಅತ್ತೆಯವರು ಡಬ್ಬಿಯಲ್ಲಿ ತಂದಿದ್ದ ಹುರಿಗಡಲೆ ಚಟ್ನಿಪುಡಿಗೆ ತುಪ್ಪ ಬೆರೆಸಿಕೊಂಡು ಎಲ್ಲರೂ ತಿಂದರು. ಹೀಗೆ ಜನರೇಟರ್ ಬಳಕೆಗೆ ಬಾಡಿಗೆಯವರಿಗೆ ಗಂಟೆ ಲೆಕ್ಕದಲ್ಲಿ ಕಟ್ಟಬೇಕಾದ ಹಣವೂ ಉಳಿಯಿತು.

ಊಟವೂ ಸೇರಿ ಒಟ್ಟು 2,760, ತಲೆಗೆ 345 ಡಾಲರ್. ರಾತ್ರಿಗೆ 200ರ ಹೋಟೆಲ್ ಕೋಣೆ ಮೂರು ಹಿಡಿದಿದ್ದರೆ ಬಾಡಿಗೆಯೇ 4,200. ತೆರಿಗೆ, ಊಟ ಬೇರೆ. ಹಾಗಂತ ಆರ್‌ವಿಯನ್ನು ಅಗ್ಗದ ರಜೆ ಎನ್ನಲಾಗದು. ಎಲ್ಲರೂ ಟೆಂಟಿನಲ್ಲಿ ಮಲಗಬಲ್ಲ ಗುಂಪಾದರೆ ಇನ್ನೊಂದು ಕಾರು ಸೇರಿಸಿಕೊಂಡರೂ ಸಾವಿರದ ಆರುನೂರು ಡಾಲರಿಗೂ ಹೆಚ್ಚು ಉಳಿಯುತ್ತದೆ.

ಸ್ನೇಹಿತರ ನಡುವೆ ಕಷ್ಟವಾಗುವುದು ಹಂಚಿಕೆ. ಮನೆಗೊಂದು ಪಾಲು ಎಂದರೆ ಇಬ್ಬರೇ ಬಂದವರಿಗೆ ಭಾರ, ತಲೆಗೊಂದು ಪಾಲು ಎಂದರೆ ಮಕ್ಕಳು ಹಿರಿಯರನ್ನು ಕರೆತಂದವರಿಗೆ ಭಾರ. ಹೊರಡುವ ಮೊದಲೇ ಮೂರು ಮನೆಯವರೂ ಕೂತು ಬೇರೆ ಬೇರೆ ಖರ್ಚಿಗೆ ಬೇರೆ ಬೇರೆ ನಿಯಮ ಮಾಡಿಕೊಂಡರು. ಗಾಡಿಯ ಬಾಡಿಗೆ, ವಿಮೆ, ಕಿಟ್ ಸೇರಿದ 1,375ರಲ್ಲಿ ಒಳಗೆ ಮಲಗಿದ ಎರಡು ಮನೆಗಳಿಗೆ 550ರಂತೆ, ಟೆಂಟಿನವರಿಗೆ 275. ಜಾಗ, ಪೆಟ್ರೋಲು, ಕಾರಿನ ಖರ್ಚು ಸಮ ಸಮ. ದಿನಸಿ ತಲೆ ಲೆಕ್ಕ, ಮಗುವಿಗೆ ಅರ್ಧ. ಗಾಡಿಯ ಠೇವಣಿ ಒಬ್ಬರ ಕ್ರೆಡಿಟ್ ಕಾರ್ಡಿನ ಮೇಲಿತ್ತು. “ಸ್ಟಿಯರಿಂಗ್ ಯಾರ ಕೈಲಿದ್ರೂ ಸರಿ ಕಣೋ, ಠೇವಣಿಯಲ್ಲಿ ಮುರ್ಕೊಂಡ್ರೆ ಅದು ಮೂರು ಮನೆಗೂ ಸೇರಿದ್ದು” ಎಂದು ಟೆಂಟಿನ ಗೆಳೆಯನೇ ಮೊದಲು ಹೇಳಿದ. ಆ ಒಂದು ಮಾತಿನಿಂದ ಗಾಡಿ ಓಡಿಸುವವರ ಎದೆ ಹಗುರಾಯಿತು.

ಇನ್ನು ಕಾಗದಪತ್ರ. ಕ್ಯಾಲಿಫೋರ್ನಿಯಾದಲ್ಲಿ 40 ಅಡಿವರೆಗಿನ ಆರ್‌ವಿಗೆ ಕಾರಿನ ಲೈಸೆನ್ಸ್ ಸಾಕು. ಆದರೆ ಅನೇಕ ಕ್ರೆಡಿಟ್ ಕಾರ್ಡ್‌ಗಳ ಬಾಡಿಗೆ ಕಾರಿನ ವಿಮೆ ಆರ್‌ವಿಗೆ ಅನ್ವಯಿಸುವುದಿಲ್ಲ; ಸ್ವಂತ ಕಾರಿನ ವಿಮೆಯನ್ನೂ ನೆಚ್ಚಿಕೊಳ್ಳದೆ ಮೊದಲೇ ಕೇಳಬೇಕು. ಮರಳಿಸುವಾಗ ಪೆಟ್ರೋಲ್ ತುಂಬಿರಬೇಕು, ಕೊಳಚೆ ಟ್ಯಾಂಕುಗಳು ಖಾಲಿಯಿರಬೇಕು. ಖಾಲಿ ಮಾಡುವಾಗ ಶೌಚದ ಟ್ಯಾಂಕ್ ಮೊದಲು, ಸಿಂಕು ಮತ್ತು ಸ್ನಾನದ ನೀರಿನದು ಆಮೇಲೆ. ಆ ಸೋಪುನೀರೇ ಪೈಪನ್ನು ತೊಳೆದುಬಿಡುತ್ತದೆ. ಕೈಗವಸು ಮರೆಯಬಾರದು.

ಸ್ಟೇಟ್ ಪಾರ್ಕ್‌ಗಳ ಜಾಗ ‘ರಿಸರ್ವ್ ಕ್ಯಾಲಿಫೋರ್ನಿಯಾ’ದಲ್ಲಿ ಆರು ತಿಂಗಳು ಮುಂಚಿತವಾಗಿ ಬೆಳಗ್ಗೆ 8ಕ್ಕೆ ತೆರೆಯುತ್ತದೆ, ಕಡಲಂಚಿನವು ಬೇಗ ಮುಗಿಯುತ್ತವೆ. ಜೂನ್ 20ಕ್ಕೆ ಬೇಕಾದವರು ಡಿಸೆಂಬರ್ 20ರ ಬೆಳಗ್ಗೆ ಎಂಟಕ್ಕೆ ಮುಂಚೆಯೇ ಲಾಗಿನ್ ಆಗಿರಬೇಕು. ಸಿಗದಿದ್ದರೆ ರದ್ದಾದ ಜಾಗಗಳಿಗಾಗಿ ಆಗಾಗ ನೋಡುತ್ತಿರಬಹುದು. ಜಾಗ ಖಚಿತವಾದ ಮೇಲೆ ಅಲ್ಲಿ ಎಷ್ಟು ಅಡಿ ಉದ್ದದ ಗಾಡಿಗೆ ಅವಕಾಶವಿದೆ ಎಂದು ನೋಡಿಕೊಂಡು, ಆಮೇಲಷ್ಟೇ ಆರ್‌ವಿಗೆ ಮುಂಗಡ ಕೊಡಬೇಕು.