ಹಂಪೆ: ನೋಡುವವರು ಮತ್ತು ಇರುವವರು

ಹಂಪೆಗೆ ಹೋಗಿ ಬಂದ ಗೆಳೆಯರನ್ನು 'ಏನೇನು ನೋಡಿದಿರಿ?' ಎಂದು ಕೇಳಿದರೆ ಉತ್ತರ ತುದಿನಾಲಿಗೆಯಲ್ಲೇ ಇರುತ್ತದೆ: ಕಲ್ಲಿನ ರಥ, ಕಮಲ ಮಹಲು, ಉಗ್ರನರಸಿಂಹ, ಆನೆ ಲಾಯ. 'ಯಾರನ್ನು ನೋಡಿದಿರಿ?' ಅಂತ ಕೇಳಿ ನೋಡಿ, ಸುಮ್ಮನಾಗಿಬಿಡುತ್ತಾರೆ. ಪ್ರವಾಸದ ಬಗ್ಗೆ ಯೋಚಿಸುವಾಗ ಈ ಎರಡನೇ ಪ್ರಶ್ನೆಯೇ ಮುಖ್ಯ.

1565ರ ಯುದ್ಧದ ನಂತರ ವಿಜಯನಗರ ಹಾಳಾಯಿತು. 'ಹಾಳು ಹಂಪೆ' ಎಂಬ ಮಾತು ಹುಟ್ಟಿತು. ಆದರೆ ಹಂಪೆ ಬರೀ ಹಾಳೂರಲ್ಲ. ವಿರೂಪಾಕ್ಷನ ಪೂಜೆ ಇಂದಿಗೂ ನಡೆಯುತ್ತದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ. ಗುಡಿಯ ಮುಂದಿನ ಬಜಾರದ ಸಾಲುಮಂಟಪಗಳಲ್ಲಿ ಜನ ಮನೆ ಮಾಡಿಕೊಂಡಿದ್ದರು, ಅಂಗಡಿ-ಹೋಟೆಲು ಇಟ್ಟಿದ್ದರು.

1986ರಲ್ಲಿ ಯುನೆಸ್ಕೊ ಹಂಪೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಹೆಚ್ಚಿದರು, ಅವರಿಗಾಗಿ ಬಜಾರವೂ ಬೆಳೆಯಿತು. ಹಳೆಯ ಕಂಬಗಳ ನಡುವೆ ಹೊಸ ಗೋಡೆ ಎದ್ದದ್ದು ನಿಜ. ಸ್ಮಾರಕಕ್ಕೆ ಅದರಿಂದ ಧಕ್ಕೆಯಾದದ್ದೂ ನಿಜ. 2011ರ ಜುಲೈಯಲ್ಲಿ ಬಜಾರದ ಮನೆ-ಅಂಗಡಿಗಳನ್ನು ಕೆಡವಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಹೋಟೆಲುಗಳೂ ಹೋದವು. ಈಗ ಬಜಾರದ ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಬಜಾರ ಎಂದರೆ ಕಂಬಗಳ ಸಾಲು ಮಾತ್ರವೇ? ಕೊಡುವವರು, ಕೊಳ್ಳುವವರು ಇಲ್ಲದಿದ್ದರೆ ಅದಕ್ಕೆ ಆ ಹೆಸರು ಯಾಕೆ?

ಇನ್ನೊಂದು ಉದಾಹರಣೆ ತುಂಗಭದ್ರೆಯದು. ಆನೆಗೊಂದಿಯ ಕಡೆ ಹರಿಗೋಲಿನಲ್ಲಿ ಹೊಳೆ ದಾಟುವುದು ನಮಗೆ ಮೋಜು. ಅಲ್ಲಿಯ ಜನಕ್ಕೆ ಅದು ಸಂತೆಗೆ, ಆಸ್ಪತ್ರೆಗೆ ಹೋಗುವ ದಾರಿಯಾಗಿತ್ತು. ಹೊಳೆ ತುಂಬಿದರೆ ದಾರಿ ಬಂದ್. ಅವರಿಗೆ ಸೇತುವೆ ಬೇಕಿತ್ತು. ಸೇತುವೆಯಿಂದ ಪರಿಸರದ ಚಿತ್ರವೇ ಕೆಡುತ್ತದೆಂಬ ಆತಂಕದಿಂದ 1999ರಲ್ಲಿ ಹಂಪೆ 'ಅಪಾಯದಲ್ಲಿರುವ' ಪರಂಪರೆಯ ಪಟ್ಟಿ ಸೇರಿತು, ಹೊರಬಂದದ್ದು 2006ರಲ್ಲಿ. ಆ ಸೇತುವೆ ಮುಗಿಯುವ ಮೊದಲೇ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಎಷ್ಟೋ ವರ್ಷದ ಮೇಲೆ ಬುಕ್ಕಸಾಗರ-ಕಡೇಬಾಗಿಲ ನಡುವೆ ಬೇರೆ ಸೇತುವೆಯಾಯಿತು.

ಹಾಗಾದರೆ ಸ್ಮಾರಕಗಳನ್ನು ಕಾಪಾಡಬಾರದೇ? ಖಂಡಿತ ಕಾಪಾಡಬೇಕು, ಒಡೆದ ಕಂಬ ಮತ್ತೆ ಹುಟ್ಟುವುದಿಲ್ಲ. ಆದರೆ ಕಾಪಾಡುವ ಲೆಕ್ಕದಲ್ಲಿ ಅಲ್ಲಿ ಬಾಳುವವರೂ ಸೇರಬೇಕು. ಅವರನ್ನು ಕೇಳದೆ ಮಾಡಿದ ರಕ್ಷಣೆಯಿಂದ ಊರು ವಸ್ತುಸಂಗ್ರಹಾಲಯವಾಗುತ್ತದೆ. ಪ್ರವಾಸಿಯ ಮರ್ಜಿಗೆ ಬಿಟ್ಟರೆ ಜಾತ್ರೆಯಾಗುತ್ತದೆ.

ಹೊರನಾಡಿನಲ್ಲಿ ಓದುವ ನಮಗೂ ಇದರಲ್ಲಿ ಪಾಲಿದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಹಂಪೆಯ ರಥವಿದೆ. 'ನೋಡ್ರೋ, ಇದು ನಮ್ಮದು' ಅಂತ ಮರಾಠಿ ಗೆಳೆಯರಿಗೆ ತೋರಿಸಿ ನಾವು ಬೀಗುತ್ತೇವೆ. ಬೀಗಬೇಕಾದ್ದೇ. ಆದರೆ ನಮ್ಮದು ಎನ್ನುವ ಊರಿಗೆ ಎರಡು ದಿನದ ಟೂರಿನಲ್ಲಿ ಹೋಗಿ ಬರುವ ನಾವೂ ಪ್ರವಾಸಿಗರೇ. ಒಂದು ಅನುಕೂಲ ಮಾತ್ರ ನಮಗುಂಟು: ಅಲ್ಲಿಯವರ ಭಾಷೆ ನಮಗೆ ಬರುತ್ತದೆ. ಮುಂದಿನ ಸಲ ಹೋದಾಗ ಗೈಡಿನ ಮಾತು ಮುಗಿದ ಮೇಲೆ ಹರಿಗೋಲು ಹಾಕುವವನ ಹತ್ತಿರವೋ, ಬಾಳೆಹಣ್ಣು ಮಾರುವ ಅಜ್ಜಿಯ ಹತ್ತಿರವೋ ಅರ್ಧ ಗಂಟೆ ಕೂತು ಮಾತಾಡೋಣ. ಅವರು ಹೇಳಿದ್ದನ್ನು ಬರೆದು ತಂದು ಸಂಘದ ಸಭೆಯಲ್ಲಿ ಓದೋಣ.