ಆಕಳಿಕೆ

ನಾನು ಅಧ್ಯಾಪಕನಾಗಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಬೆಳಗಿನ ಮೊದಲ ಪಾಠದಲ್ಲಿಯೇ ಅವನು ಮೇಲಿಂದ ಮೇಲೆ ಆಕಳಿಸುತ್ತಿದ್ದನು. ಅವನನ್ನು ನೋಡಿ ಪಕ್ಕದವರೂ ಆಕಳಿಸುತ್ತಿದ್ದರು. ಇದು ಸೋಮಾರಿತನವೆಂದು ಬಗೆದು, ಒಂದು ದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಅಲ್ಲಿಯೂ ಅವನು ಆಕಳಿಸಿದನು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು.

ಆಕಳಿಕೆ ನಮ್ಮ ಇಚ್ಛೆಗೆ ಒಳಪಟ್ಟುದಲ್ಲ. ತಾಯಿಯ ಗರ್ಭದಲ್ಲಿರುವ ಶಿಶುವೂ ಆಕಳಿಸುತ್ತದೆ. ನಾಯಿ, ಬೆಕ್ಕು, ಕೋತಿಗಳೂ ಆಕಳಿಸುತ್ತವೆ. ಚರಕಸಂಹಿತೆಯು ಇದನ್ನು 'ಜೃಂಭಾ' ಎಂದು ಕರೆದು, ತಡೆಹಿಡಿಯಬಾರದ 13 ವೇಗಗಳಲ್ಲಿ ಒಂದೆಂದು ಎಣಿಸಿದೆ.

ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಆಕಳಿಕೆ ಬರುವುದೆಂದು ಬಹುಕಾಲ ನಂಬಲಾಗಿತ್ತು. ನಾನೂ ಹಾಗೆಯೇ ಕಲಿತು, ಹಾಗೆಯೇ ಕಲಿಸಿದ್ದೆನು. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ಸಂಗಡಿಗರು ಈ ನಂಬಿಕೆಯನ್ನು ಒರೆಗೆ ಹಚ್ಚಿದರು. ಅವರು ಕೆಲವರಿಗೆ ಶುದ್ಧ ಆಮ್ಲಜನಕವನ್ನು ಉಸಿರಾಡಲು ಕೊಟ್ಟರು, ಆಕಳಿಕೆ ಕಡಿಮೆಯಾಗಲಿಲ್ಲ. ಇಂಗಾಲದ ಡೈಆಕ್ಸೈಡ್ ಬೆರೆತ ಗಾಳಿಯನ್ನು ಕೊಟ್ಟರು, ಆಕಳಿಕೆ ಹೆಚ್ಚಲಿಲ್ಲ. 1987ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು. ಆಕಳಿಕೆಯಿಂದ ಮಿದುಳು ತಂಪಾಗುವುದೆಂದು ಕೆಲವರೂ, ನಿದ್ರೆ–ಎಚ್ಚರಗಳ ನಡುವಣ ಬದಲಾವಣೆಗೆ ದೇಹ ಅಣಿಯಾಗುವುದೆಂದು ಕೆಲವರೂ ಈಗ ಹೇಳುತ್ತಾರೆ. ವಾದ ಇನ್ನೂ ಮುಗಿದಿಲ್ಲ.

ಆದರೆ ಆಕಳಿಕೆ ಅತಿಯಾದಾಗ ವೈದ್ಯರು ಯಾವುದನ್ನು ಹುಡುಕಬೇಕೆಂಬುದು ತಿಳಿದಿದೆ. ಸಾಮಾನ್ಯವಾದ ಕಾರಣ ನಿದ್ರೆಯ ಕೊರತೆ. ಕೆಲವರಿಗೆ ಅರೆತಲೆನೋವು ಬರುವ ಮುನ್ನ ಆಕಳಿಕೆ ಹೆಚ್ಚುತ್ತದೆ. ಕೆಲವರಿಗೆ ತಲೆ ಸುತ್ತಿ ಬೀಳುವ ಮುನ್ನ. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಿಗಳಿಂದಲೂ ಅದು ಬರಬಹುದು. ಬಲು ಅಪರೂಪವಾಗಿ ಮಿದುಳಿನ ರೋಗವೂ ಕಾರಣವಾಗಬಹುದು. ಆದುದರಿಂದಲೇ ವೈದ್ಯರು, "ರಾತ್ರಿ ಹೇಗೆ ನಿದ್ರೆ ಬರುತ್ತದೆ? ಯಾವ ಔಷಧಿ ಸೇವಿಸುತ್ತಿದ್ದೀರಿ?" ಎಂದು ಮೊದಲು ವಿಚಾರಿಸುತ್ತಾರೆ.

ನಾನು ಆ ಹುಡುಗನನ್ನು ಏನನ್ನೂ ವಿಚಾರಿಸಿರಲಿಲ್ಲ. ಕೆಲವು ದಿನಗಳ ಮೇಲೆ ಅವನ ತಾಯಿ ಶಾಲೆಗೆ ಬಂದಳು. "ರಾತ್ರಿಯೆಲ್ಲ ಗೊರಕೆ ಹೊಡೀತಾನೆ, ಮೇಷ್ಟ್ರೇ. ನಡುನಡುವೆ ಉಸಿರೇ ನಿಂತ ಹಾಗಾಗಿ ಬೆಚ್ಚಿ ಏಳ್ತಾನೆ" ಎಂದಳು. ವೈದ್ಯರು ಪರೀಕ್ಷಿಸಿ, ಗಂಟಲಿನ ಟಾನ್ಸಿಲ್‌ಗಳು ದಪ್ಪವಾಗಿ ಉಸಿರಿನ ದಾರಿಗೆ ಅಡ್ಡಬಂದಿವೆ ಎಂದು ತಿಳಿಸಿದರು. ಮಲಗಿದ್ದರೂ ಹುಡುಗನಿಗೆ ನಿದ್ರೆಯೇ ಇರಲಿಲ್ಲ! ಶಸ್ತ್ರಚಿಕಿತ್ಸೆಯಾದ ಮೇಲೆ ಅವನು ತರಗತಿಯಲ್ಲಿ ಕಣ್ಣರಳಿಸಿ ಕುಳಿತನು.

ಅವನಲ್ಲಿ ನಾನು ಕ್ಷಮೆ ಕೇಳಿದೆನು. ಅವನು ನಾಚಿ ತಲೆ ತಗ್ಗಿಸಿದನು. ಆಮೇಲೆ ಯಾರಾದರೂ ನನ್ನ ತರಗತಿಯಲ್ಲಿ ಪದೇ ಪದೇ ಆಕಳಿಸಿದರೆ, ಬಳಿಗೆ ಕರೆದು, "ರಾತ್ರಿ ನಿದ್ರೆ ಬಂತೇನಪ್ಪಾ?" ಎಂದು ಕೇಳುತ್ತಿದ್ದೆನು.

ಅಭ್ಯಾಸ

1. ಪ್ರೊವೈನ್ ಅವರ ಪ್ರಯೋಗದಿಂದ ಯಾವ ನಂಬಿಕೆ ಸುಳ್ಳಾಯಿತು? ಹೇಗೆ?
2. ಅತಿಯಾದ ಆಕಳಿಕೆಗೆ ಇರಬಹುದಾದ ಕಾರಣಗಳನ್ನು ಬರೆಯಿರಿ.
3. ಲೇಖಕರು ಹುಡುಗನಲ್ಲಿ ಕ್ಷಮೆ ಕೇಳಿದುದೇಕೆ?